ಬಸವಣ್ಣೆವ್ವನವರು ಮಾಡಿದ್ದು ಸೇವೆಯಲ್ಲ

ಅಧ್ಯಕ್ಷ ಪೀಠದಲ್ಲಿರುವ ವಿಸ್ತರಣಾಧಿಕಾರಿ ಸಾಹೇಬರೇ, ನಮ್ಮ ಮಂಡಳ ಪಂಚಾಯಿತಿಯ ಪ್ರಧಾನರಾದ ಶ್ರೀ ಶಿದ್ಲಿಂಗಪ್ಪನವರೇ, ಇಂದಿನ ಸನ್ಮಾನಕ್ಕೆ ಪಾತ್ರರಾಗಿ ಈ ಸೆಕೆಯಲ್ಲಿಯೂ ಶಾಲು ಹೊದ್ದು ಕುಳಿತಿರುವ ಅವರ ಧರ್ಮಪತ್ನಿ ಶ್ರೀಮತಿ ಬಸವಣ್ಣೆವ್ವನವರೇ, ಕುರ್ಚಿ ಸಿಕ್ಕ ಹಿರಿಯರೇ, ಜಮಖಾನ ಸಿಕ್ಕ ತಾಯಂದಿರೇ, ಎರಡೂ ಸಿಗದೆ ಕಿಟಕಿಯ ಸರಳು ಹಿಡಿದು ನಿಂತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಮೊದಲಿಗೆ ಒಂದು ತಿದ್ದುಪಡಿ.

ನನಗಿಂತ ಮುಂಚೆ ಮಾತನಾಡಿದ ಪ್ರಧಾನರು ಹೇಳಿದ್ದು ಇಷ್ಟು. ಬಡ ಹೆಣ್ಣುಮಕ್ಕಳ ಉದ್ಧಾರಕ್ಕಾಗಿ ತಾವು ಊರಿಗೆ ಶಾವಿಗೆ ಯಂತ್ರವನ್ನು ತರಿಸಿದರು. ಅದರಿಂದ ಆ ಮಕ್ಕಳು ಸ್ವಾವಲಂಬಿಗಳಾದರು. ಅವರು ಶಾಲೆಗೆ ಹೋಗಲಿ ಎಂಬ ಕರುಣೆಯಿಂದ ಬಸವಣ್ಣೆವ್ವನವರು ತಾವಾಗಿ ಕೇರಿಗೆ ನಡೆದುಹೋಗಿ, ಪರರ ಕೂಸುಗಳನ್ನು ಎತ್ತಿ ಆಡಿಸಿ ನಿಸ್ವಾರ್ಥ ಸೇವೆ ಮಾಡಿದರು. ಈ ಸನ್ಮಾನದೊಂದಿಗೆ ಆ ಸೇವಾಕಾರ್ಯವು ಮಂಗಳಕರವಾಗಿ ಸಮಾಪ್ತಿಗೊಂಡಿತು. ನೀವು ಚಪ್ಪಾಳೆಯನ್ನೂ ತಟ್ಟಿದಿರಿ.

ಮೂವತ್ತು ವರ್ಷಕ್ಕೂ ಮಿಕ್ಕಿ ತಪ್ಪು ಉತ್ತರಗಳ ಮೇಲೆ ಕೆಂಪು ಗೆರೆ ಎಳೆದ ಕೈ ಇದು. ನಿವೃತ್ತಿ ವೇತನ ಬರತೊಡಗಿದ ಮಾತ್ರಕ್ಕೆ ಅದು ಸುಮ್ಮನಿದ್ದೀತೇ? ನನ್ನ ತಲೆಯ ಮೇಲಿನ ಈ ಬ್ಯಾನರಿನಲ್ಲಿ ‘ಅಭಿವೃದ್ಧಿ’ಯ ಮಹಾಪ್ರಾಣ ಹಾರಿಹೋಗಿರುವುದನ್ನು ನಾನು ಕ್ಷಮಿಸಿದ್ದೇನೆ. ಬಟ್ಟೆಯ ಮೇಲಿನ ತಪ್ಪು ಮಳೆಗೆ ತೊಳೆದು ಹೋಗುತ್ತದೆ. ಭಾಷಣದ ತಪ್ಪು ಹಾಗಲ್ಲ, ಅದು ನಾಳೆ ವರದಿಯಾಗುತ್ತದೆ.

ಯಂತ್ರವನ್ನು ಕಳಿಸಿದ್ದು ಸರಕಾರ. ಪ್ರಧಾನರು ಅದರ ಹಿಡಿಕೆ ಹಿಡಿದು ಫೋಟೋ ತೆಗೆಸಿಕೊಂಡರು. ಇದು ಚಿಕ್ಕ ತಿದ್ದುಪಡಿ. ದೊಡ್ಡದು ಇದು: ಬಸವಣ್ಣೆವ್ವನವರು ಮಾಡಿದ್ದು ಸೇವೆಯಲ್ಲ. ಅವರು ಮಾಡಿದ್ದು ಮುಯ್ಯಿ.

ಅಧ್ಯಕ್ಷರು ದಕ್ಷಿಣದ ಕಡೆಯವರು, ಅವರಿಗಾಗಿ ಒಂದು ಮಾತು. ನಮ್ಮಲ್ಲಿ ಬೇಸಿಗೆ ಬಂತೆಂದರೆ ಮನೆಮನೆಯಲ್ಲಿ ಶಾವಿಗೆ ಹೊಸೆಯುತ್ತಾರೆ. ಒಂದು ಮನೆಯ ಹೆಂಗಸರಿಂದ ಆಗುವ ಕೆಲಸ ಅದಲ್ಲ. ಇಂದು ನಾನು ನಿಮ್ಮ ಮನೆಗೆ ಬಂದರೆ ನಾಳೆ ನೀವು ನನ್ನ ಮನೆಗೆ ಬರಬೇಕು. ಕೂಲಿಯಿಲ್ಲ, ಉಪಕಾರವೂ ಅಲ್ಲ. ಕೆಲಸಕ್ಕೆ ಕೆಲಸ. ಇದು ಮುಯ್ಯಿ, ಹಾಗೆ ಹೋದವರು ಮುಯ್ಯಾಳು. ಸೇವೆಯನ್ನು ಬೇಸರ ಬಂದ ದಿನ ನಿಲ್ಲಿಸಬಹುದು, ಶಾಲು ಹೊದಿಸಿ ಮುಗಿಸಬಹುದು. ಮುಯ್ಯಿಯನ್ನು ತೀರಿಸಿಯೇ ಮುಗಿಸಬೇಕು.

ಈ ಭೇದದ ಮೇಲೆ ಒಂದು ಹುಡುಗಿಯ ಹೈಸ್ಕೂಲು ನಿಂತಿದೆ. ಕೇರಿಯ ಯಲ್ಲಪ್ಪನ ಮಗಳು ತಾಯವ್ವ ಏಳನೆಯ ಇಯತ್ತೆಯ ಪರೀಕ್ಷೆಯಲ್ಲಿ ನಮ್ಮ ಕೇಂದ್ರಕ್ಕೆ ಮೊದಲಿಗಳಾಗಿದ್ದಾಳೆ. ಸೋಮವಾರ ಕುಂದಗೋಳದಲ್ಲಿ ಹೈಸ್ಕೂಲು ಪ್ರಾರಂಭ. ಅಂದು ಅವಳು ಬಸ್ಸು ಹತ್ತುವಳೋ, ತೊಟ್ಟಿಲು ತೂಗುವಳೋ ಎಂಬುದು ಈ ಸಭೆಯಲ್ಲಿ ತೀರ್ಮಾನವಾಗಬೇಕು. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಹೋದ ವರ್ಷ, ಎಂಬತ್ತೇಳರ ಬೇಸಿಗೆಯಲ್ಲಿ, ಯಂತ್ರ ಬಂತು. ಶಾಲೆ ಬಿಟ್ಟ ಅಥವಾ ಬಿಡುವ ಹಂತದಲ್ಲಿದ್ದ ಮೂವರು ಹುಡುಗಿಯರನ್ನು, ಅಂದರೆ ತಾಯವ್ವ, ಜುಲೇಖಾಬಿ, ಮಲ್ಲಕ್ಕ ಇವರನ್ನು, ಉದ್ಯಮಿಗಳೆಂದು ಘೋಷಿಸಲಾಯಿತು. ಯೋಜನೆ ಬಹಳ ಸುಂದರವಾಗಿತ್ತು. ಹುಡುಗಿಯರು ಶಾವಿಗೆ ಮಾಡುವುದು, ಊರವರು ಕೊಳ್ಳುವುದು, ಹುಡುಗಿಯರು ಮುಂದೆ ಬರುವುದು. ಯೋಜನೆ ಬರೆದವರು ನಮ್ಮ ಊರಿನ ಒಬ್ಬ ಹೆಂಗಸನ್ನಾದರೂ ಕೇಳಿದ್ದರೇ? ನಮ್ಮಲ್ಲಿ ಶಾವಿಗೆಯನ್ನು ರೊಕ್ಕ ಕೊಟ್ಟು ಯಾರು ಕೊಳ್ಳುತ್ತಾರೆ? ಮನೆಯಲ್ಲಿ ಹೆಂಗಸರಿಲ್ಲದವರು, ಇಲ್ಲವೇ ಓಣಿಯವರೊಂದಿಗೆಲ್ಲ ಜಗಳ ಕಾದವರು. ಶಾವಿಗೆ ಕೊಳ್ಳುವ ಮನೆಗೆ ಹೆಣ್ಣು ಕೊಡಲು ಸಹ ಜನ ಯೋಚಿಸುತ್ತಾರೆ.

ಇಲ್ಲಿ ನನ್ನ ಒಂದು ಸ್ವಂತ ಮಾತು, ಅಧ್ಯಕ್ಷರು ಮನ್ನಿಸಬೇಕು. ನಾನು ಶಾವಿಗೆಯನ್ನು ಯಾವಾಗಲೂ ಹುಬ್ಬಳ್ಳಿಯ ಅಂಗಡಿಯಿಂದಲೇ ತಂದವಳು. ಒಬ್ಬಂಟಿ ಹೆಂಗಸು, ಅದರಲ್ಲಿಯೂ ಶಾಲೆಯ ಅಕ್ಕೋರು. ಇವರನ್ನು ಮುಯ್ಯಾಳಿಗೆ ಹೇಗೆ ಕರೆಯುವುದೆಂದು ಜನ ಸಂಕೋಚಪಟ್ಟಿರಬೇಕು. ಅದರಿಂದ ನನಗೆ ಏನೂ ಅನ್ನಿಸಲಿಲ್ಲ. ಬೇಸಿಗೆಯ ಮಧ್ಯಾಹ್ನ ಬಾಜೂ ಮನೆಯ ಅಂಗಳದಲ್ಲಿ ಹೆಂಗಸರು ಹಾಡಿಕೊಂಡು ನಗುತ್ತ ಶಾವಿಗೆ ಹೊಸೆಯುವಾಗ ನಾನು ಕಿಟಕಿ ಮುಚ್ಚಿಕೊಂಡು ಓದುತ್ತಿದ್ದೆ. ಸದ್ದಿಗೆ ಓದಲಾಗುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಕಿಟಕಿ ಮುಚ್ಚುತ್ತಿದ್ದೆ. ಶಾವಿಗೆಯ ಪಾಯಸವೂ ನನಗೆ ಅಷ್ಟೇನು ಸೇರುವುದಿಲ್ಲ. ಇರಲಿ.

ಶಾವಿಗೆಯನ್ನು ಯಾರೂ ಕೊಳ್ಳಲಿಲ್ಲ. ಆದರೆ ಯಂತ್ರ ಮಾತ್ರ ಒಂದು ದಿನವೂ ಖಾಲಿ ನಿಲ್ಲಲಿಲ್ಲ! ಮನೆಮನೆಯಿಂದ ಕಣಕ ನಾದಿ ತಂದು, “ತಾಯವ್ವಾ, ಮುಯ್ಯಾಳಿಗೆ ಬಾರಬೇ” ಎಂದು ಪ್ರೀತಿಯಿಂದ ಕರೆದವರೇ ಎಲ್ಲರೂ. ಹುಡುಗಿಯರು ಹೋದರು, ಬಿಸಿಲಿನಲ್ಲಿ ಹಿಡಿಕೆ ತಿರುಗಿಸಿದರು, ಎಳೆಗಳನ್ನು ಕೋಲಿನ ಮೇಲೆ ಹರವಿದರು. ಕೇರಿಯ ಹುಡುಗಿಯ ಕೈಯ ಶಾವಿಗೆ ನಡೆದೀತೇ ಎಂಬ ಧರ್ಮಸೂಕ್ಷ್ಮ ಬಂದಾಗ, ಪ್ರಧಾನರ ಪೂಜ್ಯ ಮಾತೆಯವರು ಕಟ್ಟೆಯ ಮೇಲೆ ಕುಳಿತೇ ನಿರ್ಣಯ ಕೊಟ್ಟರು: “ಮಶೀನು ಕಬ್ಬಿಣದ್ದೈತಿ. ಕಬ್ಬಿಣಕ್ಕ ಮೈಲಿಗಿ ಇಲ್ಲ, ತಿರುವ್ಲಿ ಬಿಡ್ರಿ.” ನೂರಾರು ವರ್ಷಗಳಿಂದ ಬಗೆಹರಿಯದ ಪ್ರಶ್ನೆಯೊಂದು, ಕೆಲಸ ಪುಕ್ಕಟೆಯಾಗುತ್ತದೆ ಎಂದು ತಿಳಿದೊಡನೆ ಎಷ್ಟು ಸಲೀಸಾಗಿ ಬಗೆಹರಿಯಿತು, ನೋಡಿ.

ಕಷ್ಟ ಎಲ್ಲಿತ್ತು? ಮುಯ್ಯಿ ತಿರುಗಿ ಬರಬೇಕಾದರೆ ಆ ಮನೆಯಲ್ಲಿಯೂ ಶಾವಿಗೆಯ ಕೆಲಸ ಇರಬೇಕಲ್ಲ? ಯಲ್ಲಪ್ಪನ ಮನೆಯಲ್ಲಿ ಗೋಧಿ ಎಲ್ಲಿಂದ ಬರಬೇಕು? ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಷ್ಟು ಪ್ರೀತಿಯಿಂದ ಕರೆದರು.

ಜೂನ್ ತಿಂಗಳಲ್ಲಿ ಶಾಲೆ ಪ್ರಾರಂಭವಾದಾಗ ತಾಯವ್ವ ಬರಲಿಲ್ಲ. ಅವಳ ತಾಯಿ ಸಾವಂತ್ರೆವ್ವ ಅವಳಿ ಗಂಡುಕೂಸುಗಳನ್ನು ಹೆತ್ತು, ಬಾಣಂತನ ಮುಗಿಯುತ್ತಲೇ ಹೊಲದ ಕೆಲಸಕ್ಕೆ ಹೋಗತೊಡಗಿದ್ದಳು. ಕೂಸುಗಳು ತಾಯವ್ವನ ಪಾಲಿಗೆ ಬಂದಿದ್ದವು. ವಿಚಾರಿಸಲು ಹೊರಟ ನನಗೆ ಅವಳು ಸಿಕ್ಕಿದ್ದು ಪ್ರಧಾನರ ಮನೆಯ ಅಂಗಳದಲ್ಲಿ, ಎರಡೂ ಬಗಲಲ್ಲಿ ಒಂದೊಂದು ಕೂಸು. ಬಸವಣ್ಣೆವ್ವನವರು ಹೊಸ್ತಿಲ ಮೇಲೆ ನಿಂತಿದ್ದರು.

“ಅವ್ವಾರ, ನಿಮ್ಮ ಮುಯ್ಯಿ ಯಾವಾಗ ಬರ್ತೈತ್ರಿ?” ಎಂದು ಹುಡುಗಿ ಕೇಳಿದಳು.

ಬಸವಣ್ಣೆವ್ವನವರು ನಕ್ಕರು. “ನಿಮ್ಮ ಮನ್ಯಾಗ ಗೋದಿ ಎಲ್ಲೈತಿ ಬೇ, ನಾ ಬಂದು ಶ್ಯಾವಿಗಿ ಮಾಡಾಕ?”

“ಗೋದಿ ಇಲ್ರಿ. ತಮ್ಮಂದಿರು ಅದಾರ್ರಿ.”

ಸಭಿಕರೇ, ನಾನು ಸೇವೆಯಲ್ಲಿದ್ದಷ್ಟು ಕಾಲ ಅನೇಕ ಜಾಣ ಉತ್ತರಗಳನ್ನು ಕೇಳಿದ್ದೇನೆ. ಪೂರ್ಣ ಅಂಕ ಕೊಡುವುದು ನನ್ನ ಪದ್ಧತಿಯಲ್ಲ. ಅಂದು ಕೊಟ್ಟೆ.

ಬಸವಣ್ಣೆವ್ವನವರ ನಗೆ ಅರ್ಧಕ್ಕೆ ನಿಂತಿತು. “ಏ ಹುಡುಗಿ, ನಾ ಕೇರಿಗೆ ಬಂದು ನಿನ್ನ ತಮ್ಮಂದಿರನ ತೂಗಬೇಕನು? ಅಕ್ಕೋರ, ನೀವರ ಹೇಳ್ರಿ ಇಕಿಗೆ.”

ನಾನು ಹೇಳಿದೆ: “ಶಾವಿಗೆ ಕೇರಿಯಿಂದ ನಿಮ್ಮ ಮನೆಗೆ ಬಂದ ದಾರಿಯಲ್ಲಿಯೇ ನೀವೂ ಹೋಗಬಹುದು.” ನನ್ನ ಮಾತಿನಿಂದ ಏನಾದರೂ ಆಯಿತೆಂದು ನಾನು ಹೇಳಿಕೊಳ್ಳುವುದಿಲ್ಲ. ಒಳಗಿನಿಂದ ಪೂಜ್ಯ ಮಾತೆಯವರ ದನಿ ಬಂತು: “ಮುಯ್ಯಿ ಉಳಸ್ಕೊಂಡ ಮನಿ ಅಂತ ಹೆಸರ ಆತಂದ್ರ ನಾಳಿಗೆ ನಮ್ಮ ಹುಡುಗಿ ಮದವಿ ಹಪ್ಪಳಕ್ಕ ಯಾರ ಬರ್ತಾರ? ಹೋಗವಾ ನೀ. ತೊಟ್ಟಿಲಾ ಕಟಿಗೀದು, ಕಟಿಗಿಗೂ ಮೈಲಿಗಿ ಇಲ್ಲ.” ಹೀಗೆ ಧರ್ಮಶಾಸ್ತ್ರವು ನಮ್ಮ ಊರಿನಲ್ಲಿ ಒಂದೇ ವರ್ಷದಲ್ಲಿ ಕಬ್ಬಿಣದಿಂದ ಕಟ್ಟಿಗೆಯವರೆಗೆ ಬೆಳೆಯಿತು. ಸರಕಾರದ ಯಾವ ಯೋಜನೆ ಅಷ್ಟು ವೇಗವಾಗಿ ಬೆಳೆದಿದೆ?

ಬಸವಣ್ಣೆವ್ವನವರು ಹೋದರು. ಮೊದಲ ದಿನ ಮುಖ ಗಂಟಿಕ್ಕಿಕೊಂಡೇ ಹೋದರು. ಯಲ್ಲಪ್ಪನ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಅದನ್ನು ನೋಡಿ ಅವರು ಸಾವಂತ್ರೆವ್ವನಿಗೆ ಹೇಳಿದರಂತೆ: “ನಿಮ್ಮ ದೇವ್ರು ಚಲೋ ಅದಾನ ನೋಡವಾ. ಎರಡ ಕೂಸು ಕೂಡೇ ಚೀರಿದ್ರೂ ಕಣ್ಣ ತಗ್ಯಾಂಗಿಲ್ಲ. ಅಗದಿ ನಮ್ಮ ಮನಿಯವರಂಗ.” ಪ್ರಧಾನರು ನಗುತ್ತಿಲ್ಲ. ನಾನು ಕೇಳಿದ್ದನ್ನು ಮಾತ್ರ ಹೇಳುತ್ತಿದ್ದೇನೆ.

ಪ್ರಧಾನರ ಮನೆಯವರೇ ಹೋದ ಮೇಲೆ ಉಳಿದವರು ತಪ್ಪಿಸಿಕೊಳ್ಳುವುದು ಹೇಗೆ? ಒಬ್ಬೊಬ್ಬರಾಗಿ ಬಂದರು. ಜುಲೇಖಾಬಿಯ ಬದಲು ಆಡು ಕಾಯ್ದವರುಂಟು, ಮಲ್ಲಕ್ಕನ ಬದಲು ಮೆಣಸಿನಕಾಯಿ ಬಿಡಿಸಿದವರುಂಟು. ಮೂವರೂ ವರ್ಷವಿಡೀ ಶಾಲೆಯಲ್ಲಿ ಕುಳಿತರು. ಇದು ಯೋಜನೆಯಲ್ಲಿ ಇರಲಿಲ್ಲ. ಆದರೂ ಯೋಜನೆ ಯಶಸ್ವಿಯಾಯಿತೆಂದು ವರದಿ ಹೋಯಿತು.

ಈ ಬೇಸಿಗೆಯಲ್ಲಿ ಹುಡುಗಿಯರು ಇನ್ನೊಂದು ಜಾಣತನ ಮಾಡಿದರು. ಊರವರಿಗೆ ಮುಯ್ಯಿಗೆ, ಹುಬ್ಬಳ್ಳಿಯ ಖಾನಾವಳಿಗೆ ರೊಕ್ಕಕ್ಕೆ. “ಹುಬ್ಬಳ್ಳಿಯವ್ರು ಕೂಸು ಆಡ್ಸಾಕ ಬರೂದಿಲ್ರಿ ಅಕ್ಕೋರ, ಅವ್ರ ಕಡಿ ರೊಕ್ಕನ ಇಸ್ಗೋಬೇಕು” ಎಂದು ಜುಲೇಖಾಬಿ ನನಗೆ ಅರ್ಥಶಾಸ್ತ್ರ ಕಲಿಸಿದಳು. ಅದರಲ್ಲಿ ಮೂವರ ಪಠ್ಯಪುಸ್ತಕ ಬಂತು, ಬಸ್ಸಿನ ಪಾಸೂ ಬರುತ್ತದೆ. ಒಂದು ಸಂಜೆ ತಾಯವ್ವ ನನ್ನ ಮನೆಗೂ ಒಂದು ಪುಟ್ಟಿ ಶಾವಿಗೆ ತಂದಿಟ್ಟಳು. ನಾನು ಪರ್ಸಿಗೆ ಕೈ ಹಾಕಿದೆ. “ರೊಕ್ಕ ಬ್ಯಾಡ್ರಿ, ನಿಮಗೂ ಮುಯ್ಯಿನ” ಎಂದಳು. ಅದನ್ನು ಅಂದೇ ಪಾಯಸ ಮಾಡಿದೆ. ಪದಾರ್ಥ ಕೆಡಬಾರದೆಂದು ಮೂರು ದಿನ ನಾನೇ ಉಂಡೆ.

ಹೀಗಾಗಿ ಈ ವರ್ಷದ ಮುಯ್ಯಿ ಇನ್ನೂ ಬಾಕಿ ಇದೆ. ಬಾಕಿ ಇರುವಾಗ ಶಾಲು ಬಂದಿದೆ! ಎಂಥ ಅಗ್ಗದ ಉಪಾಯ! ಒಬ್ಬರಿಗೆ ಸೇವೆಯೆಂದು ಹೆಸರಿಟ್ಟು ಹಾರ ಹಾಕಿದರೆ ಇಡೀ ಊರಿನ ಮುಯ್ಯಿ ಕರಗಿಹೋಗುತ್ತದೆ. ಕೂಸುಗಳಿಗೆ ಅಂಗನವಾಡಿ ಇಲ್ಲವೇ ಎಂದು ಅಧ್ಯಕ್ಷರು ಕೇಳಬಹುದು. ಶಂಕುಸ್ಥಾಪನೆ ಆಗಿದೆ, ಸಾಹೇಬರೇ. ಕಲ್ಲಿನ ಮೇಲೆ ಪ್ರಧಾನರ ಹೆಸರು ಸ್ಪಷ್ಟವಾಗಿ ಕೆತ್ತಿದೆ. ಒಂದು ಕಲ್ಲಿನ ಮೇಲೆ ಎರಡು ಕೂಸುಗಳನ್ನು ಕೂಡಿಸಿ ಹೋಗಲು ಸಾವಂತ್ರೆವ್ವ ಒಪ್ಪುತ್ತಿಲ್ಲ.

ನಿನ್ನೆ ಯಲ್ಲಪ್ಪನನ್ನು ಕೇಳಿದೆ, ಸೋಮವಾರ ಮಗಳನ್ನು ಕಳಿಸುವೆಯಾ ಎಂದು. ಅವನು ಹೇಳಿದ: “ಓದೂದು ನನಗೂ ಬೇಕ್ರಿ ಅಕ್ಕೋರ. ನಾ ಹೊಲಕ್ಕ ಗಳೇ ಹೊಡ್ಯಾಕ ಹೋಗಾಂವ, ಹುಡುಗಿ ಅವ್ವ ಕಳೇ ತಗ್ಯಾಕ ಹೋಗಾಕಿ. ಹುಡುಗ್ರು ಈಗ ನಡಿಯಾಕ ಕಲತಾವು, ಒಂದು ಬಾವಿ ಕಡಿ, ಒಂದು ರಸ್ತೇಕ್ಕ. ಮುಯ್ಯಾಳು ಬಂದ್ರ ಕಳಸ್ತೀನ್ರಿ. ಸನ್ಮಾನ ಆದ್ರ ಕಳಸೂದಿಲ್ರಿ.”

ಇಂದು ಬೆಳಿಗ್ಗೆ ಬಸವಣ್ಣೆವ್ವನವರೂ ಹಿತ್ತಲ ಬಾಗಿಲಿನಿಂದ ನನ್ನ ಮನೆಗೆ ಬಂದಿದ್ದರು. “ಅಕ್ಕೋರ, ಶಾಲು ಹಾಕಿದ ಮ್ಯಾಲೆ ನನಗ ಅಲ್ಲಿ ಹೋಗಾಕ ಬಿಡೂದಿಲ್ಲೇನ್ರಿ? ನಮ್ಮ ಮನ್ಯಾಗ ಕುಂದ್ರು ಅನ್ನಾವ್ರು ಯಾರೂ ಇಲ್ರಿ. ಅಲ್ಲಿ ಹೋದ್ರ ಸಾವಂತ್ರೆವ್ವ ಮಣಿ ಹಾಕಿ ಕುಂದರಸ್ತಾಳ” ಎಂದರು. ಇದನ್ನು ಸಭೆಯಲ್ಲಿ ಹೇಳಬೇಡಿ ಎಂದು ಅವರು ಹೇಳಲಿಲ್ಲ. ಹೇಳಿದ್ದರೂ ನನಗೆ ಕೇಳಿಸಿರಲಿಲ್ಲ. ಅವರು ಈಗ ಶಾಲು ತೆಗೆದು ಮಡಚುತ್ತಿದ್ದಾರೆ, ಎಲ್ಲರೂ ನೋಡಬೇಕೆಂದು ವಿನಂತಿ.

ನನಗೆ ವಂದನಾರ್ಪಣೆಯ ಕೆಲಸವನ್ನೂ ಒಪ್ಪಿಸಿದ್ದಾರೆ. ಆಗಮಿಸಿದವರನ್ನು ಹೆಸರು ಹಿಡಿದು ಸ್ಮರಿಸುವುದು ಪದ್ಧತಿ. ಎಲ್ಲರ ಹೆಸರು ಹೇಳಲು ಸಮಯವಿಲ್ಲ, ಆದ್ದರಿಂದ ಈ ಬೇಸಿಗೆಯಲ್ಲಿ ತಾಯವ್ವ ಮಾಡಿದ ಶಾವಿಗೆ ಉಂಡು, ಈಗ ನನ್ನೆದುರು ಹಾಜರಿರುವವರಿಗೆ ಮಾತ್ರ, ಮುಂಬರುವ ವಾರಕ್ಕಾಗಿ ಮುಂಗಡವಾಗಿ ವಂದನೆ ಸಲ್ಲಿಸುತ್ತೇನೆ. ಅಧ್ಯಕ್ಷರೇ ಸಾಕ್ಷಿ.

ಸೋಮವಾರ, ಶ್ರೀಮತಿ ಬಸವಣ್ಣೆವ್ವನವರು. ಮಂಗಳವಾರ, ಕಂಬದ ಮರೆಗೆ ಸರಿದಿರುವ ಶ್ರೀಮತಿ ಹನಮವ್ವನವರು. ಬುಧವಾರ ರಹೀಮಾಬಿಯವರು, ಅವರು ಆಗಲೇ ಕೈ ಎತ್ತಿದ್ದಾರೆ. ಗುರುವಾರ ನಾನು. ಶುಕ್ರವಾರ ಮೈಲಾರವ್ವನವರು, ಹಾಗೂ ಕೂಸುಗಳು ಓಡತೊಡಗಿರುವುದರಿಂದ ಅವುಗಳ ಜೊತೆಗೆ ಓಡಬಲ್ಲವರಾದ ಅವರ ಪತಿ ಬೀರಲಿಂಗಪ್ಪನವರು. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದ ಬಸ್ಸಿಗೆ ಹುಡುಗಿ ತಿರುಗಿ ಬರುತ್ತಾಳೆ, ಕೆಲಸ ಹಗುರ. ಪಾಯಸವನ್ನು ಎರಡು ಸಲ ಹಾಕಿಸಿಕೊಂಡು ಉಂಡವರು, ಇಲ್ಲಿ ನನ್ನ ಬಲಗಡೆಗೆ ಹಾಜರಿರುವವರು, ಪ್ರಧಾನರಾದ ಶ್ರೀ ಶಿದ್ಲಿಂಗಪ್ಪನವರು.

ನಮಸ್ಕಾರ.