ಹಗ್ಗದ ಆ ತುದಿ

ನಾವು ಯೆಣೆಗೂರಿಗೆ ಹೋದದ್ದು ಒಂದು ಕರಿಯ ಕುರಿಮರಿ ತರಲು. ನನ್ನ ಸೋದರಮಾವ ಮಲ್ಲಣ್ಣ ಉಮರ್ಗಾದಲ್ಲಿ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಹೊಸದಾಗಿ ಕುರಿ ಸಾಕತೊಡಗಿದ್ದ. ಅಪ್ಪಟ ಕರಿ ಉಣ್ಣೆಯ ಮರಿ ಈಗ ಸಿಗುವುದಾದರೆ ಚಂಪಾಬಾಯಿಯ ಹಟ್ಟಿಯಲ್ಲೇ ಎಂದು ಅವನಿಗೆ ಯಾರೋ ಹೇಳಿದ್ದರು. ಮರಿ ಆರಿಸುವಷ್ಟರಲ್ಲಿ ಸಂಜೆಯ ಮಳೆ ಹಿಡಿಯಿತು. ಹೆದ್ದಾರಿಯ ಢಾಬಾಗಳ ದೀಪಗಳೆಲ್ಲ ಒಮ್ಮೆಲೇ ಆರಿದವು. ತಗಡಿನ ಚಪ್ಪರದ ಕೆಳಗೆ ಒಲೆಯ ಬೆಳಕಿಗೆ ಕೂತೆವು. ಚಂಪಾಬಾಯಿ, ಚಹಾ ಕುದಿಸುತ್ತಿದ್ದ ಅವಳ ಸೊಸೆ ದಾನೇಶ್ವರಿ, ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಚಂಪಾಬಾಯಿಯ ತಮ್ಮ ಅಮರನಾಥ, ಮತ್ತೆ ನಾವಿಬ್ಬರು. ನಾವು ಬಂದಾಗಿನಿಂದ ಅಮರನಾಥ ಒಂದು ಮಾತೂ ಆಡಿರಲಿಲ್ಲ. ಬಲಗೈಯನ್ನು ಕಂಬಳಿಯೊಳಗೇ ಇಟ್ಟುಕೊಂಡಿದ್ದ.

ಕುರಿಗಳೆಲ್ಲ ಚಪ್ಪರದೊಳಗೆ ಒತ್ತಿಕೊಂಡು ನಿಂತಿದ್ದವು. ಒಂದು ದೊಡ್ಡ ಕರಿ ಟಗರು ಮಾತ್ರ ಹೊರಗೆ, ಮಳೆಯಲ್ಲಿ, ಮೂಡಣಕ್ಕೆ ಮುಖ ಮಾಡಿ ಕೊರಳು ಚಾಚಿತ್ತು. ಅದಕ್ಕೆ ಯಾರೂ ಹಗ್ಗ ಕಟ್ಟಿರಲಿಲ್ಲ.

"ಯಾಕ್ರಿ ಅಕ್ಕಾ, ಅದನ್ನೂ ಒಳಗ ಎಳೀಬಾರದಾ?" ಎಂದ ಮಾವ.

"ಎಳದು ಎಳದು ಸಾಕಾಗ್ಯದ ಅಣ್ಣಾ," ಎಂದಳು ಚಂಪಾಬಾಯಿ. ಅಮರನಾಥನ ಕಡೆ ಒಮ್ಮೆ ನೋಡಿ ಕಾಲು ಚಾಚಿ ಕೂತಳು. "ಮಳಿ ನಿಂದ್ರೂ ಹಂಗ ಕಾಣಂಗಿಲ್ಲ. ಕೇಳ್ರಿ ಹಂಗಾರ...

"ನಾವು ಬೀರಪ್ಪನ ಒಕ್ಕಲು. ದೇವ್ರಿಗಿ ಕರಿ ಕಂಬಳಿ ನಮ್ಮ ಹಟ್ಟಿಯಿಂದೇ ಹೋಗ್ಬೇಕು, ಅದೂ ಬಣ್ಣ ಹಚ್ಚಿದ್ದಲ್ಲ, ಹುಟ್ಟಾ ಕರಿ ಉಣ್ಣೀದು. ನಮ್ಮ ಅತ್ತಿ-ಮಾವನ ಕಾಲದಿಂದ ತಪ್ಪಿಲ್ಲ. ಆದ್ರ ಸಂತ್ಯಾಗಿನ ಬಿಳಿ ಟಗರು ತಂದು ತಂದು ಹಿಂಡೆಲ್ಲಾ ಬೆರತು ಹೋಗಿತ್ತು, ಇದ್ದ ಒಂದು ಕರಿ ಟಗರೂ ಸತ್ತು ಹೋತು, ಇನ್ನ ಒಂದು ತರದಿದ್ರ ಮುಂದಿನ ಕಂಬಳಿ ಇಲ್ಲ... ದೇವ್ರ ಮುಂದ ಬರೇ ಕೈಲೆ ಹ್ಯಾಂಗ ನಿಂದ್ರೂದ್ರಿ? ಆವಾಗ ಉದಗೀರ ಹೊರಗಿನ ಕಾಶೆಪ್ಪನ ಕರಿ ಟಗರಿನ ಸುದ್ದಿ ಬಂತು. ಕಾಶೆಪ್ಪ ಆಗಷ್ಟೇ ತೀರ್ಕೊಂಡಿದ್ದ. ಹೆಂಡತಿ ಜಗದೇವಿ, 'ನನ್ನ ಕೈಲೆ ಆಗಂಗಿಲ್ಲ, ಒಯ್ರಿ' ಅಂತ ಫೋನ್ ಮಾಡ್ಸಿದ್ಲು. ಸರಿ, ನಮ್ಮೂರ ಡ್ರೈವರ್ ಬಾಲಾಜಿಂದು ಟೆಂಪೊ ಬಾಡಿಗಿ ಹಿಡದು ನಾನೂ ನನ್ನ ತಮ್ಮನೂ ಹೊಂಟಿವಿ.

"ನಮ್ಮಾಗ ಒಂದು ರೀತಿ ಅದ. ಮಾರಿದ ಜೀವದ ಕೂಡ ಹಗ್ಗ ಕೊಡಂಗಿಲ್ಲ. ಮಾರಾಂವಾ ತನ್ನ ಹಗ್ಗ ತಾನೇ ಬಿಚ್ಚಿ ಇಟ್ಕೋಬೇಕು, ಕೊಳ್ಳಾಂವಾ ತನ್ನ ಹಗ್ಗ ಕಟ್ಟಿ ಒಯ್ಬೇಕು. ಹಗ್ಗ ಬಿಚ್ಚಿದ್ರೇ ಕೈ ಬಿಟ್ಟಂಗ. ಅದಕ್ಕ ನಾ ಹೊಸ ಹಗ್ಗಕ್ಕ ದೇವ್ರ ಭಂಡಾರ, ಅರಿಷಿಣ ಹಚ್ಚಿ ಟೆಂಪೊದಾಗ ಇಟ್ಟಿದ್ದೆ. ನಿಲಂಗಾ ದಾಟೂದ್ರಾಗ ಟೆಂಪೊದ ಹಿಂದ ಮುಚ್ಚೂ ಫಳಿ ಕಳಚಿ ಬಿತ್ತು. ನನ್ನ ತಮ್ಮ ಶಾಣ್ಯಾ ನೋಡ್ರಿ, ಅದನ್ನ ಯಾತರಲೆ ಕಟ್ದ? ಹೇಳಲೋ ಅಮರಾ, ಯಾತರಲೆ ಕಟ್ದಿ?"

ಅಮರನಾಥ ಒಲೆಯ ಕಡೆ ನೋಡುತ್ತಿದ್ದ.

"ಆ ಹಗ್ಗಲೇ ಕಟ್ದ! ನಾ ಮುಂದ ಕೂತೀನಿ, ನನಗೇನ್ ಗೊತ್ತು? ಉದಗೀರ ಮುಟ್ಟಿದಿವಿ. ಜಗದೇವಿ ನನ್ನ ಒಳಗ ಕುಂದ್ರಿಸಿ ಚಹಾ ಕೊಟ್ಟು ಹೇಳಿದ್ಲು, ಟಗರಿನ ತಾಯಿ ಹಡದ ಕೂಡ್ಲೇ ಸತ್ತಿತ್ತಂತ, ಕಾಶೆಪ್ಪನೇ ಬಾಟ್ಲಿ ಹಾಲು ಕುಡಿಸಿ ಬೆಳಸಿದ್ದಂತ, ಕಡೀಕ ಜ್ವರದಾಗ ಬಿದ್ದಾಗೂ ಹಗ್ಗದ ತುದಿ ಹಾಸಿಗ್ಯಾಗ ಹಿಡ್ಕೊಂಡೇ ಮಲಗ್ತಿದ್ದಂತ. 'ಉಸರು ಹೋದ ಮ್ಯಾಲೂ ಮುಷ್ಟಿ ಬಿಚ್ಚಲಿಲ್ಲ ಅಕ್ಕಾ, ನಾಕು ಮಂದಿ ಕೂಡಿ ಬಿಚ್ಚಿದ್ರು. ಟಗರು ಒಯ್ರಿ, ಆ ಹಗ್ಗ ಮಾತ್ರ ನನ್ನ ಕೈಯಾಗ ಕೊಟ್ಟು ಹೋಗ್ರಿ' ಅಂದ್ಲು. ನಾ ಅಲ್ಲಿಂದೇ ಕೂಗಿದೆ, 'ಅಮರಾ, ಹಗ್ಗ ಬಿಚ್ಚಿ ಕೊಟ್ಟಿ ಏನೋ?' 'ಕೊಟ್ಟಿನಕ್ಕಾ, ಗ್ವಾದಲ್ಯಾಗ ಇಟ್ಟೀನಿ, ಲಗೂನ ಬಾ!' ಅಂದಾ. ಹೊಸ ಹಗ್ಗ ಫಳೀಗಿ ಹೋಗ್ಯದ, ಹಳೀದು ಬಿಚ್ಚಿದ್ರ ಟಗರು ಹಿಡೀಲಿಕ್ಕ ಏನೂ ಇಲ್ಲ, ಅಕ್ಕ ಬೈತಾಳ... ಇಷ್ಟಕ್ಕ ಒಂದು ಸುಳ್ಳು. ಮ್ಯಾಲ ತಾಡಪತ್ರಿ ಹೊಚ್ಚಿಬಿಟ್ಟಿದ್ದ, ನನಗೇನ್ ಕಾಣ್ತದ?

"ಅಲ್ಲಿಂದ ಸುರು ಆತು ನೋಡ್ರಿ ನಮ್ಮ ದೆಸಿ. ನಿಲಂಗಾ ದಾರಿ ಕೆದರಿಟ್ಟಾರಂತ ದೇವಣಿ ಮ್ಯಾಲ ಹಾಯ್ದು ಹೊಂಟಿವಿ. ದೇವಣಿ ಬರೂದ್ರಾಗ ಪಂಚರ್. ಸ್ಟೆಪ್ನಿ ತಗದ್ರ ಅದೂ ಕೂತದ! ಬಾಲಾಜಿಗಿ ಕೇಳಿದ್ರ, 'ಮಾವಶಿ, ನಿನ್ನೀತನಕ ಚಲೋ ಇತ್ತು' ಅಂತಾನ. ಗಾಲಿ ಹೊತ್ಕೊಂಡು ಹೋಗಿ ತಿದ್ದಿಸ್ಕೊಂಡು ಬಂದ, ಚಾಲೂ ಆತು, ಅಷ್ಟರಾಗ ಇಂಜಿನ್ನಿನ ನೀರು ಕುದ್ದು ಮಕದ ಮ್ಯಾಲ ಹೊಗಿ. ಔರಾದ ಶಹಾಜನಿ ಸಂತ್ಯಾಗ ಟೆಂಪೊ ಜರಾ ಸಾವಕಾಶ ಆಗೂದೇ ತಡ, ಟಗರು ತಾಡಪತ್ರಿ ಹರ್ಕೊಂಡು ಜಿಗದು ಉಳ್ಳಾಗಡ್ಡಿ ರಾಶ್ಯಾಗ ಬಿತ್ತು. ಆ ಉಳ್ಳಾಗಡ್ಡಿಯಾಕಿ, 'ತುಮಚಾ ಮೆಂಢಾ ಸಾಂಭಾಳಾ! ನಿಮ್ಮ ಟಗರು ಹಿಡ್ಕೋರಿ!' ಅಂತ ನನ್ನ ಸೀರಿ ಸೆರಗೇ ಹಿಡದ್ಲು. ಟಗರು ಸಂತಿ ತುಂಬಾ, ನಾವು ಟಗರಿನ ಹಿಂದ, ಮಂದಿ ನಮ್ಮ ಹಿಂದ ನಕ್ಕೋತ... ಎಷ್ಟು ಸಲ ಹಿಡದ್ರೂ ಅದು ಮತ್ತ ದೇವಣಿ ದಾರೀಗೇ ತಿರುಗ್ತಿತ್ತು. ಆ ಗದ್ದಲದಾಗ ಅದರ ಕೊರಳಾಗ ಯಾವ ಹಗ್ಗ ಅದ ಅಂತ ನೋಡೂ ಖಬರೂ ಇರ್ಲಿಲ್ಲ. ಅಳು ಬಂತ್ರಿ ನನಗ, ಸಿಟ್ಟಿಗಿ ಅಳು!"

ದಾನೇಶ್ವರಿ ನಕ್ಕಳು. "ನಮ್ಮ ಅತ್ತಿ ಅವತ್ತು ಬೈದ ಬೈಗಳಾ ಔರಾದದಾಗ ಇನ್ನೂ ನೆನಸ್ತಾರಂತ."

"ನೆನಸ್ಲಿ. ಸಂತಿ ದಾಟಿ ಮಾಂಜ್ರಾ ಹೊಳಿ ಕಡೆ ಬಂದಿವಿ. ಹಾಡು ಹಗಲು, ಸಣ್ಣಗ ಮಳಿ. ಹೊಳಿ ದಾಟೂ ಪೂಲಿನ ಮ್ಯಾಲ ಟೆಂಪೊ ಗಪ್ಪನ ನಿಂತು ಬಿಡ್ತು. ಇಂಜಿನ್ ಚಾಲೂನೇ ಅದ, ಗಾಲಿ ತಿರಗ್ಲಕತ್ಯಾವ, ಗಾಡಿ ಮುಂದ ಹೋಗವಲ್ದು. ನಾ ಕೆಳಗಿಳದು ಹಿಂದ ಹೋಗಿ ನೋಡಿದೆ...

"ಫಳಿ ಕೆಳಗ ಬಿದ್ದದ. ಟಗರು ರೋಡಿನ ಮ್ಯಾಲ ನಿಂತದ. ಕೊರಳಾಗ ಕರಿ-ಬಿಳಿ ಉಣ್ಣಿ ಹೊಸದ ಹಗ್ಗ... ಕಾಶೆಪ್ಪನ ಕೈ ಹೊಸಿಗಿ. ಆ ಹಗ್ಗ ನೆಲಕ್ಕ ಬಿದ್ದಿಲ್ರಿ. ಉದಗೀರ ಕಡೆ ಗಾಳ್ಯಾಗ ನೆಟ್ಟಗ ಬಿಗದು ನಿಂತದ. ಮನಶ್ಯಾ ಹಿಡದ್ರ ಎಷ್ಟು ಎತ್ತರ ಇರ್ತದ, ಅಷ್ಟೇ ಎತ್ತರ. ಆ ತುದಿಗಿ ಯಾರಿಲ್ಲ. ಮಳಿ ಹನಿ ಹಗ್ಗದ ಮ್ಯಾಲಿಂದ ಸಾಲಾಗಿ ಜಾರ್ತಾವ, ಆ ತುದಿಗಿ ಬಂದು ಅಲ್ಲೇ ನಿಂದ್ರತಾವ... ಮುಷ್ಟಿ ಸುತ್ತ ನಿಂತಂಗ.

"ನಾ ಎರಡು ಹೆಜ್ಜಿ ಹಿಂದ ಸರದೆ. ಆದ್ರ ಈ ನನ್ನ ತಮ್ಮಗ ಅಂಜಿಕಿ ಬರ್ಲಿಲ್ಲ ನೋಡ್ರಿ, ಸಿಟ್ಟು ಬಂತು! ಮುಂಜಾಲಿಂದ ಪಂಚರ್, ನೀರು, ಸಂತಿ, ಉಳ್ಳಾಗಡ್ಡಿ... ಹೋಗಿ ಹಗ್ಗ ಹಿಡದು ಎಳೀಲಕತ್ತ. 'ಬಿಡಲೇ! ರೊಕ್ಕ ಕೊಟ್ಟೀವಿ, ಬಿಡು!' ಅಂವಾ ಇತ್ತ ಎಳೀತಾನ, ಹಗ್ಗ ಅತ್ತ ಹೋಗ್ತದ, ಅಂಗೈ ಸುಲದು ರಕ್ತ. ನಾ ಕೈ ಮುಗದೆ. ಏನಂತ ಕೇಳೂದ್ರಿ ಸತ್ತಾಂವಗ? 'ಕಾಶೆಪ್ಪಣ್ಣಾ, ತಪ್ಪಾಗ್ಯದ. ಹಗ್ಗ ನಿಂದು, ನಿನಗೇ ಮುಟ್ಟಸ್ತೀವಿ. ಟಗರು ಬೀರಪ್ಪನ ಕಂಬಳೀಗಿ, ಹೊಟ್ಟೀಗಲ್ಲ. ಅದರ ಮ್ಯಾಲ ಕುಡಗೋಲು ಬೀಳಂಗಿಲ್ಲ, ನನ್ನ ಆಣಿ. ನೀನಾಗೇ ಬಿಡಪಾ' ಅಂದೆ.

"ಖರೆ ಹೇಳ್ತೀನಿ... ಹಗ್ಗ ಜರಾ ಸಡಲಾತು. ಆ ತುದಿ ಸಣ್ಣಗ ನಡಗ್ತು. ಬಿಡ್ತಿದ್ದ ರೀ ಅಂವಾ. ಒಂದು ಗಳಿಗಿ ತಡದಿದ್ರ ತಾನಾಗೇ ಬಿಡ್ತಿದ್ದ. ಆದ್ರ ಇಂವಗ ಎಲ್ಲಿ ದಮ್ಮು? ಸಡಲಾಗೂದೇ ನೋಡಿ, ಸೊಂಟದಾಗಿನ ಕುಡಗೋಲು ಹಿರದು, ಟಗರಿನ ಕೊರಳ ಹತ್ರ ಹಗ್ಗ ಕೊಯ್ದೇ ಬಿಟ್ಟ!

"ಕೊಯ್ದ ಹಗ್ಗ ತೊಯ್ದ ಡಾಂಬರಿನ ಮ್ಯಾಲ ಸರ್ ಸರ್ ಅಂತ ಹರ್ಕೊಂಡು ಹೋತು, ಯಾರೋ ಸುತ್ತಿ ಸುತ್ತಿ ಎಳಕೊಂಡಂಗ. ತಿರುವಿನಾಗ ಮಾಯ. ಬಾಲಾಜಿ ಅವತ್ತಿಂದ ಆ ಕಡೆ ಬಾಡಿಗಿ ಹಿಡದಿಲ್ಲ. ಟೆಂಪೊ ತಾನೇ ಮುಂದ ಹೋತು, ಹಾದ್ಯಾಗ ಒಂದು ತಕರಾರಿಲ್ಲ. ಮನೀಗಿ ಬಂದು ಟಗರಿನ ಕೊರಳಾಗ ಉಳದ ತುಂಡು ಬಿಚ್ಚಿ ಜಗದೇವಿಗಿ ಮುಟ್ಟಿಸಿದಿವಿ. ಆಕಿ ಅದನ್ನ ನೋಡಿ ಒಂದೇ ಮಾತು ಅಂದ್ಲಂತ: 'ಇದು ಬಿಚ್ಚಿದ್ದಲ್ಲ, ಕೊಯ್ದದ್ದು.'"

ತಗಡಿನ ಮೇಲೆ ಮಳೆಯ ಸದ್ದು ಇಳಿಯುತ್ತಿತ್ತು.

"ಕಂಬಳಿ?" ಎಂದೆ.

"ಹೋತಲ್ಲ ತಮ್ಮಾ. ಹೋದ ವರ್ಷ ದೇವ್ರ ಮೈಮ್ಯಾಲ ನೋಡಬೇಕಿತ್ತು ನೀ, ಕಾಡಿಗಿ ಹಂಗ ಕರಿ. ಹುಟ್ಟೂ ಮರಿ ಎಲ್ಲಾ ಕರೀನೇ. ಅದಕ್ಕೇ ನೀವೂ ಹುಡಕ್ಕೊಂಡು ಬಂದೀರಿ." ಅವಳು ಮಾವನ ತೊಡೆಯ ಮೇಲಿದ್ದ ಮರಿಯ ಕಡೆ ಗದ್ದ ಎತ್ತಿ ತೋರಿಸಿದಳು. "ಅದರ ಕೊರಳು ನೋಡೀರೇನು?"

ಮರಿಯ ಉಣ್ಣೆಯೊಳಗೆ ಬೆರಳು ತೂರಿಸಿದೆ. ಕೊರಳ ಸುತ್ತ, ತೊಗಲಿನ ಮೇಲೆಯೇ, ಬೆರಳಗಲದ ಒಂದು ತಗ್ಗು. ಉಣ್ಣೆ ಅಲ್ಲಿ ಒತ್ತಿ ಮಲಗಿತ್ತು. ಈ ಮರಿಗೆ ಇನ್ನೂ ಯಾರೂ ಹಗ್ಗ ಕಟ್ಟಿರಲಿಲ್ಲ. ನಾನು ಮುಟ್ಟಿದಾಗ ಅದು ಬೆದರಲಿಲ್ಲ; ಮೂಡಣಕ್ಕೆ, ಉದಗೀರದ ಕಡೆಗೆ, ಕೊರಳು ಚಾಚಿ ಕಿವಿ ನಿಮಿರಿಸಿತು. ಹೊರಗೆ ನಿಂತ ಟಗರೂ ಹಾಗೆಯೇ ಇತ್ತು.

ಮಾವ ಚೀಲದಿಂದ ಹೊಸ ಹಗ್ಗ ತೆಗೆದವನು ಅದನ್ನು ಕೈಯಲ್ಲೇ ಹಿಡಿದು ಕೂತ.

ಆಗ ಅಮರನಾಥ ಕಂಬಳಿಯೊಳಗಿಂದ ಬಲಗೈ ಹೊರಗೆ ಚಾಚಿದ. ಅಂಗೈಗೆ ಅಡ್ಡಲಾಗಿ ಹೊಸೆದ ಹಗ್ಗದ ಅಚ್ಚು, ಒಂದೊಂದು ಎಳೆಯೂ ಎಣಿಸುವಂತೆ. ಮುಷ್ಟಿ ಮುಚ್ಚಲು ಬಾರದ ಆ ಕೈಯನ್ನು ಮಾವನ ಮುಂದೆ ಹಿಡಿದು ಒಂದೇ ಮಾತು ಹೇಳಿದ:

"ಎಳೀಬ್ಯಾಡ್ರಿ."

"ಎಳಿಯೂ ಕೆಲಸೇ ಬೀಳಂಗಿಲ್ಲ ಬಿಡೋ," ಎಂದಳು ಚಂಪಾಬಾಯಿ ಎದ್ದು ಸೆರಗು ಕೊಡವುತ್ತ. "ಕಟ್ಕೊಂಡು ಹೋಗ್ರಿ ಅಣ್ಣಾ, ಮಳಿ ಕಡಿಮಿ ಆತು. ಉಮರ್ಗಾತನಕ ಮರಿ ತಾನೇ ನಿಮ್ಮ ಮುಂದ ಓಡ್ತದ, ಒಂದೀಟೂ ಹಟ ಮಾಡಂಗಿಲ್ಲ. ಕಾಶೆಪ್ಪಗೂ ಅದೇ ದಾರಿ ಅಲ್ಲೇನು... ಉಮರ್ಗಾ ಮ್ಯಾಲೇ ಹಾಯ್ದು ಉದಗೀರಕ್ಕ ಹೋಗಾಂವಗ? ನಿಮ್ಮ ಮನಿ ಮುಂದ ನಿಂದ್ರಸ್ತೀರಲ್ಲ, ಆವಾಗ ಜರಾ ನೋಡ್ರಿ... ಆ ತುದಿ ಹಿಡದಾಂವಾ ನಿಂದ್ರತಾನೋ ಇಲ್ಲೋ."