ಕಡೇ ದೋಣಿಯ ಗಂಟೆ

ದೀಪ ಸಣ್ಣ ಮಾಡಿ. ನಗುವವರು ಈಗಲೇ ನಕ್ಕು ಮುಗಿಸಿ, ನಡುವೆ ನಕ್ಕರೆ ನಾನು ಎದ್ದು ಹೋಗುವವನೇ. ಇದು ನಮ್ಮ ಚಿಕ್ಕಪ್ಪನ ಮಗ ಬೊಮ್ಮನಿಗೆ ಆದದ್ದು. ಎಪ್ಪತ್ತೆಂಟನೇ ಇಸವಿ.

ಬೊಮ್ಮ ಹೊನ್ನಾವರದ ಹತ್ತಿರ ಹೊಳೆ ದಾಟಿಸುತ್ತಿದ್ದ. ಆ ರಾತ್ರಿ ದೋಣಿ ಕಟ್ಟಿ, ಹುಟ್ಟು ಹೆಗಲಿಗಿಟ್ಟು ಮನೆಗೆ ಬರುತ್ತಿದ್ದಾನೆ. ಹಾಳುಬಾವಿಯ ಹತ್ತಿರ ಬಂದಾಗ... ಠಣ್. ನಿಂತ. ಠಣ್... ಠಣ್. ಮೂರೇ ಪೆಟ್ಟು. ಹೊಳೆಯಾಚೆ, ಕುರ್ವೆಯ ಇಗರ್ಜಿಯಿಂದ.

ಆ ಇಗರ್ಜಿಯಲ್ಲಿ ಆಗ ಗಂಟೆಯೇ ಇರಲಿಲ್ಲ.

ಶರಾವತಿ ಸಮುದ್ರ ಸೇರುವಲ್ಲಿ ಒಂದು ಸಣ್ಣ ಕುರ್ವೆ, ಸುತ್ತ ನೀರು. ಇಗರ್ಜಿ ಕಟ್ಟಿದ ಚಿರೆಕಲ್ಲು ಅಷ್ಟನ್ನೂ ದಾಟಿಸಿದ್ದು ನಮ್ಮ ಅಜ್ಜ. ನಾವು ಕ್ರೈಸ್ತರಲ್ಲ, ಆದರೂ ಸಂಜೆಯ ಗಂಟೆ ನಮ್ಮ ಮನೆಯವರದ್ದೇ ಕೆಲಸ. ಕುರ್ವೆಯಿಂದ ಕಡೇ ದೋಣಿ ಬಿಡುವ ಮೊದಲು ಮೂರು ಪೆಟ್ಟು. ಕೇಳಿದವರು ಓಡಿ ಬರಬೇಕು. ಆಮೇಲೆ ಅಲ್ಲಿಯ ಬಾವಿ ನೀರು ಉಪ್ಪಾಗಿ ಮನೆಗಳು ಒಂದೊಂದೇ ಈಚೆ ದಡಕ್ಕೆ ಬಂದವು. ಪೂಜೆ ನಿಂತಿತು. ಪಾದ್ರಿಗಳು ಗಂಟೆ ಇಳಿಸಿ ಈಚೆ ತಂದರು. ಅದನ್ನೂ ದಾಟಿಸಿದ್ದು ಬೊಮ್ಮನೇ.

ಕಾತ್ರಿನಬಾಯಿ ಅಂತ ಒಂದು ಮುದುಕಿ ಮಾತ್ರ ಶನಿವಾರ ಶನಿವಾರ ಗಂಡನ ಗೋರಿಗೆ ಮೇಣದಬತ್ತಿ ಹಚ್ಚಲು ಹೋಗುತ್ತಿತ್ತು. ಸುಮ್ಮನೆ ಕೂರುವ ಜೀವ ಅಲ್ಲ. ಬೊಮ್ಮನ ದೋಣಿ ಸೋರುತ್ತಿತ್ತು. ದಡ ಮುಟ್ಟುವ ತನಕ ಕರಟದಲ್ಲಿ ನೀರು ಎತ್ತಿ ಹೊರಗೆ ಹಾಕುತ್ತಲೇ ಇರುತ್ತಿತ್ತು. ಗೊಳಕ್... ಚಳ್. ಗೊಳಕ್... ಚಳ್.

ಗಂಟೆ ಹೋದ ಮೇಲೆ ಅದರ ಬದಲು, ಕಡೇ ದೋಣಿ ಬಿಡುವ ಮೊದಲು ಬೊಮ್ಮ ಮೂರು ಸಲ ಕೂಗಬೇಕಿತ್ತು. ಒಂದು ಶನಿವಾರ ಕೂಗಲಿಲ್ಲ. ಬೆಳಗಿಂದ ಹುಟ್ಟು ಹಾಕಿ ತೋಳು ಸೋತಿತ್ತು, ಮುದುಕಿಯನ್ನು ದಾಟಿಸಿದ್ದು ಮರೆತೇಬಿಟ್ಟ. ರಾತ್ರಿ ಗಾಳಿಮಳೆ. ಮರುದಿನ ನೋಡಿದರೆ, ಇಗರ್ಜಿಯ ಮೆಟ್ಟಿಲ ಮೇಲೆ ಕೂತಲ್ಲೇ ಜೀವ ಹೋಗಿತ್ತು. ಬೊಮ್ಮ ಜ್ವರ ಹಿಡಿದು ಮಲಗಿದ. ಹೆಣ ಈಚೆ ತಂದದ್ದು ಬೇರೆಯವರ ದೋಣಿ. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಜ್ವರ ಬಿಟ್ಟು ಮತ್ತೆ ದೋಣಿ ಹತ್ತಿದ ದಿನವೇ ಹಾಳುಬಾವಿಯ ಹತ್ತಿರ ಆ ಗಂಟೆ ಕೇಳಿದ್ದು. ಆಮೇಲೆ ದಿನಾ ರಾತ್ರಿ. ಹದಿನೈದು ರಾತ್ರಿ ಬೊಮ್ಮ ಕಣ್ಣು ಮುಚ್ಚಲಿಲ್ಲ. ಹಗಲು ಹುಟ್ಟು ಹಿಡಿದೇ ತೂಕಡಿಸುತ್ತಿದ್ದ. ಹೀಗೇ ಆದರೆ ಒಂದು ದಿನ ದೋಣಿ ತುಂಬ ಜನರನ್ನು ಮುಳುಗಿಸುತ್ತಾನೆ ಅಂತ ನನಗೆ ಹೆದರಿಕೆ.

ಅವನ ಹೆಂಡತಿ ಬೆಳ್ಳಿಗೂ ಸಾಕಾಗಿತ್ತು. ಅವಳಿಗೆ ಗಂಟೆ ಕೇಳುತ್ತಿರಲಿಲ್ಲ. ಆದರೂ ಒಂದು ರಾತ್ರಿ ಪಿಸುಗುಟ್ಟಿದಳು.

"ಮತ್ತೆ ಬಡೀತಾ?"

"ಹೂಂ."

"ಹೋಗಿ ಕರ್ಕಂಡ್ ಬನ್ನಿ ಆ ಮುದ್ಕೀನ."

"ಎಂತ ಹೇಳ್ತೆ ನೀನು?"

"ಎಷ್ಟಂತ ಕಾಯ್ತದೆ, ಪಾಪ... ಅದ್ಕೂ ಸಾಕಾಗಿರ್ತದೆ."

ಬೊಮ್ಮ ಎದ್ದು ಮೂಲೆಯ ಹುಟ್ಟು ತೆಗೆದ. ಆಮೇಲೆ, "ಆತು," ಅಂದ.

ನನ್ನನ್ನೂ ಎಬ್ಬಿಸಿದರು. ನಾನು, ಬೆಳ್ಳಿ ಲಾಟೀನು ಹಿಡಿದು ಈಚೆ ದಡದಲ್ಲಿ ನಿಂತೆವು. ಅವನೊಬ್ಬನೇ ಹೋದ. ಸುಮಾರು ಹೊತ್ತಿನ ಮೇಲೆ ಆಚೆಯಿಂದ ಅವನ ಕೂಗು. ಒಂದು... ಎರಡು... ಮೂರು.

"ಬಾಯೀ... ಕಡೇ ದೋಣಿ. ಬಾ."

ದೋಣಿ ಒಂದು ಮಗ್ಗುಲಿಗೆ ವಾಲಿ, ಮತ್ತೆ ಸರಿಯಾಯಿತಂತೆ. ಅವನು ಹಿಂದೆ ತಿರುಗಿ ನೋಡಲಿಲ್ಲ. ಎರಡೂ ಕೈಯಲ್ಲಿ ಹುಟ್ಟು.

ದಡ ಮುಟ್ಟಿದವನು ನೇರ ಮನೆಗೆ ಹೋಗಿ ಮಲಗಿದ. ಮರುದಿನ ಮಧ್ಯಾಹ್ನದ ತನಕ ಏಳಲಿಲ್ಲ. ಗಂಟೆ ಮತ್ತೆ ಕೇಳಲಿಲ್ಲ.

ಭ್ರಮೆ ಅನ್ನುತ್ತೀರಿ. ಅನ್ನಿ. ದೋಣಿ ಎಳೆದು ಕಟ್ಟಿದ್ದು ನಾನು. ನೀರೆತ್ತುವ ಕರಟವನ್ನು ಅವನಿಗೆ ಕೊಡಲು ಮರೆತು ಬೆಳ್ಳಿ ಕೈಯಲ್ಲೇ ಹಿಡಿದು ನಿಂತಿದ್ದಳು. ಹೋಗಿ ಬರುವಷ್ಟರಲ್ಲಿ ಮೊಣಕಾಲಷ್ಟು ನೀರು ತುಂಬಬೇಕಿತ್ತು... ಲಾಟೀನು ತಗ್ಗಿಸಿ ಕೈಯಿಟ್ಟು ನೋಡಿದೆ, ಇದೇ ಕೈ. ದೋಣಿಯ ತಳ ಒಣಗಿತ್ತು.