ಹಮ್ಮಾದಿಯ ಒಂಬತ್ತು ಕಾಲಿನ ಸ್ವಿಚ್ಚು

ಹತ್ತಿರ ಬಂದು ಕೂತ್ಕೊಳ್ಳಿ. ಮೂರನೇ ಲೋಟದ ಚಹಾ ಕುದಿಯುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ. ನಡುವೆ ಯಾರೂ ಎದ್ದು ಹೋಗಬೇಡಿ.

ನನ್ನ ತಂಗಿಯ ಮಗ ಇಸಲ್ಮು ಆ ರಾತ್ರಿ ನೂಕ್‌ಶಾಟ್ ಪಟ್ಟಣದ ಅಂಚಿನ ಹಾಳು ಬಾವಿಯ ಪಕ್ಕದಿಂದ ಮನೆಗೆ ಬರುತ್ತಿದ್ದ. ಹೆಗಲ ಚೀಲದಲ್ಲಿ ಗಿಟಾರಿನ ಪೆಡಲು... ಅದೇ, ಕಾಲಲ್ಲಿ ಒತ್ತಿದರೆ ದನಿ ಅಲೆ ಅಲೆಯಾಗಿ ಏಳುವ ಡಬ್ಬಿ. ಮೀನಿನ ಡಬ್ಬದಲ್ಲಿ ತಾನೇ ಮಾಡಿದ್ದು. ಇನ್ನೊಮ್ಮೆ ಒತ್ತಿದರೆ ಅಲೆ ನಿಂತು, ದನಿ ಡಬ್ಬಿಯ ಸಹವಾಸ ಬಿಟ್ಟು ನೇರ ಸ್ಪೀಕರಿಗೆ ಹೋಗಬೇಕು. ಅದಕ್ಕೇ ಆ ಒಂಬತ್ತು ಕಾಲಿನ ಸ್ವಿಚ್ಚು; ತಂತಿ ಬೆಸೆಯಲು ಅಡಿಯಲ್ಲಿ ಮೂರು ಸಾಲು, ಸಾಲಿಗೆ ಮೂರು ಕಾಲು.

ಬಾವಿ ದಾಟುವಾಗ ಚೀಲದೊಳಗೆ... ಟಕ್.

ನಿಂತ. ಮರಳು ಸರ್ರೆಂದಿತು, ಅಷ್ಟೆ. ಎರಡು ಹೆಜ್ಜೆ ಇಟ್ಟ. ಟಕ್. ಬೆರಳಲ್ಲಿ ಒತ್ತಿದ ಸದ್ದಲ್ಲ, ಯಾರೋ ಪಾದ ಊರಿ ಒತ್ತಿದ ಸದ್ದು.

ಮರುದಿನ ತನ್ನ ಚಿಕ್ಕಮ್ಮ ಸಲ್ಕಾಳಿಗೆ ಹೇಳಿದ. ಸಲ್ಕಾ ಮದುವೆಗಳಲ್ಲಿ ಹಾಡುವವಳು. ಅವಳ ಗಂಡ ಹಮ್ಮಾದಿ ಅವಳ ಪಕ್ಕದಲ್ಲೇ ಗಿಟಾರ್ ನುಡಿಸುತ್ತಲೇ ಕುಸಿದು ಸತ್ತು ವರ್ಷವಾಗಿತ್ತು. ಆ ಜಾಗಕ್ಕೆ ಇಸಲ್ಮು ಆದಾನೋ ಇಲ್ಲವೋ ಅನ್ನುವುದು ಅವತ್ತು ರಾತ್ರಿಯ ಒಂದು ಮದುವೆಯಲ್ಲಿ ತೀರ್ಮಾನವಾಗಬೇಕಿತ್ತು.

"ಸ್ವಿಚ್ಚು ಎಲ್ಲಿಂದ ತಂದೆ?" ಪಿಸುಗುಟ್ಟಿದಳು.

"ಚಿಕ್ಕಪ್ಪನ ಹಳೇ ಪೆಡಲಿಂದ ಕಿತ್ಕೊಂಡೆ."

"ಕೇಳ್ದೇನೇ?"

"ಯಾರನ್ನ ಕೇಳ್ಲಿ, ಚಿಕ್ಕಮ್ಮ?"

"ನನ್ನ ಕೇಳ್ಬೋದಿತ್ತಲ್ಲೋ ಕತ್ತೆ. ನಾನಿನ್ನೂ ಸತ್ತಿಲ್ಲ."

ನಮ್ಮಲ್ಲಿ ರಾಗಗಳಿಗೆ ಒಂದು ಸಾಲಿದೆ. ಮುಂದಿನದಕ್ಕೆ ಹೋದಮೇಲೆ ಆ ರಾತ್ರಿ ಹಿಂದಿರುಗುವಂತಿಲ್ಲ. ಹಿಂದಿರುಗಿದರೆ ಮಾನ ಹೋಯಿತು. ಮದುವೆ ಡೇರೆಯಲ್ಲಿ ಎಲ್ಲಾ ದಾಟಿ ಕೊನೆಯ ರಾಗ ಬಂತು. ಅಲೆ ನಿಲ್ಲಿಸಲು ಇಸಲ್ಮು ಒತ್ತಿದ. ಟಕ್.

ನಿಲ್ಲಲಿಲ್ಲ... ಅವನ ಬೆರಳಲ್ಲಿ ಒಂದು ರಾಗ, ಸ್ಪೀಕರಿನಲ್ಲಿ ಇನ್ನೊಂದು. ಸಾಲಿನಲ್ಲಿ ಎರಡನೆಯ ರಾಗ, ಫಾಗು. ಎಂದೋ ದಾಟಿ ಬಂದದ್ದು. ಬೆರಳೆತ್ತಿದ. ತಂತಿಗಳು ಸುಮ್ಮನಾದವು. ದನಿ ಸುಮ್ಮನಾಗಲಿಲ್ಲ.

ಮುದುಕರು ಕೆಮ್ಮಿದರು. "ಇವನಿಗೆ ಹಾದಿಯೇ ಗೊತ್ತಿಲ್ಲ," ಅಂದ ಒಬ್ಬ.

"ನಾನಲ್ಲ, ಚಿಕ್ಕಮ್ಮ..."

"ಗೊತ್ತು. ನಿನ್ನ ಚಿಕ್ಕಪ್ಪ ಬಿದ್ದದ್ದು ಫಾಗು ನಡುವೇನೇ. ಅರ್ಧಕ್ಕೇ ನಿಂತಿತ್ತು... ನೀನು ಕೈ ಮಡಿಲಲ್ಲಿಟ್ಕೊಂಡು ಕೂತಿರು."

ಎಲ್ಲರೆದುರೂ ಅವಳು ಹಿಂದಿರುಗಿ ಫಾಗು ಹಾಡಿದಳು, ಕೊನೆಯ ಸಾಲಿನವರೆಗೂ. ಟಕ್. ಆಮೇಲೆ ಸ್ಪೀಕರಿನ ಗುಂಯ್ಗುಡುವಿಕೆಯೂ ಇಲ್ಲ.

ಸಲ್ಕಾಳನ್ನು ಮತ್ತೆ ಯಾರೂ ಮದುವೆಗೆ ಕರೆಯಲಿಲ್ಲ. ಅದಕ್ಕವಳು ಕೊರಗಲೂ ಇಲ್ಲ. ಅತಾರ್ ಊರಿನಲ್ಲಿ, ಮಗಳ ಮನೆಯಲ್ಲಿ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ಆ ಮದುಮಗಳಿಗೀಗ ನಾಲ್ಕು ಮಕ್ಕಳು. ಇಸಲ್ಮು ನುವಾದಿಬೂ ಬಂದರಿನಲ್ಲಿ ಮೀನು ತೂಗುತ್ತಾನೆ, ಗಿಟಾರ್ ಮುಟ್ಟುವುದಿಲ್ಲ.

ಆ ಮದುವೆಯ ಮಾರನೆಯ ಬೆಳಿಗ್ಗೆ ಅವನು ಡಬ್ಬಿ ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಸ್ವಿಚ್ಚಿನ ನಡುಸಾಲಿನ ಮೂರು ಕಾಲಿಗೆ ಬೆಸುಗೆಯನ್ನೇ ಹಾಕಿರಲಿಲ್ಲ, ಅವಸರದಲ್ಲಿ ಮರೆತಿದ್ದ. ಗಿಟಾರಿನಿಂದ ಬರುವ ತಂತಿ, ಸ್ಪೀಕರಿಗೆ ಹೋಗುವ ತಂತಿ, ಎರಡೂ ಏನನ್ನೂ ಮುಟ್ಟದೆ ನಿಂತಿದ್ದವು. ಆ ಮದುವೆಯಲ್ಲಿ, ಮೊದಲ ರಾಗದಿಂದಲೂ, ಇಸಲ್ಮು ನುಡಿಸಿದ್ದು ಒಂದೂ ಆಚೆ ಬಂದಿರಲು ಸಾಧ್ಯವಿರಲಿಲ್ಲ.

ನಂಬುವುದು ಬಿಡುವುದು ನಿಮ್ಮಿಷ್ಟ. ಆ ತಂತಿಗಳನ್ನು ನಾನು ಈ ಕೈಯಲ್ಲಿ ಮುಟ್ಟಿ ನೋಡಿದ್ದೇನೆ.